ಗುರುಬಸವನ ತೂಕಕ್ಕೊಂದು ಹಲಗೆ

ಗುರುಬಸವನ ಮಾನ ಕಳೆದದ್ದು ಕೆರೆಯ ನೀರಲ್ಲ, ಶ್ರೀರಾಮನಗರದ ಭತ್ತದ ಅಡತಿ ಅಂಗಡಿಯ ತೂಕದ ಕಾಟಾ.

ಕೆರೆ ದಂಡೆಯಲ್ಲಿ ಹೋಟೆಲು ನಡೆಸುವ ಅಬ್ದುಲರೌಫ, ಮೇಲೆ ನಿಂತು ಹುಟ್ಟು ಹಾಕುತ್ತ ಹೋಗುವ ಗಾಳಿ ತುಂಬಿದ ಹಲಗೆಗಳನ್ನು ತರಿಸಿದ್ದ. ಪ್ರವಾಸಿಗರಿಗೆ ಕಲಿಸಲು ಒಬ್ಬ ಬೇಕಿತ್ತು.

"ಸಂಜಿಯೊಳಗ ಆಚಿ ದಂಡಿ ಮುಟ್ಟಿ ಬಾ, ಕೆಲಸ ನಿಂದ. ಹಲಗಿ ಮಾತ್ರ ನಿನ್ನ ತೂಕಕ್ಕ ತಕ್ಕಂಗ ಆರಿಸ್ಕೋ. ತಪ್ಪಿದ್ರ ಮುಳುಗ್ತಿ," ಎಂದ.

ಸಾಲಿ ಬಿಟ್ಟ ಮೇಲೆ ಗುರುಬಸವನನ್ನು ಯಾರಾದರೂ ಕರೆದು ಕೆಲಸದ ಮಾತೆತ್ತಿದ್ದು ಇದೇ ಮೊದಲು. ಯಾವ ಹಲಗೆ ಎಷ್ಟು ಕಿಲೋ ತಡೆಯುತ್ತದೆಂದು ಅದರ ಮೇಲೇ ಬರೆದಿತ್ತು. ಅವನ ತೂಕವನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಅಡತಿಗೆ ಓಡಿದ. ತೂಕ ಮಾಡುವ ಮಕ್ಬುಲಸಾಬ ಕಾಟಾದ ಹಿಂದೆ ಕೂತಿದ್ದ. ಅಂಕಿ ಕಾಣುವ ಡಬ್ಬಿ ಅವನ ಕಡೆಗೇ ಮುಖ ಮಾಡಿತ್ತು. ರೈತರ ಕಡೆ ಅದು ಹುಟ್ಟಿದಾಗಿನಿಂದ ತಿರುಗಿಲ್ಲ. ಗುರುಬಸವ ಹಲಗೆಯ ಸಂಗತಿ ಹೇಳಿ ಕಾಟಾ ಹತ್ತಿ ನಿಂತ.

"ಮುಂಜಾನಿ ತಿಂದ ರೊಟ್ಟಿ ಲೆಕ್ಕಕ್ಕ ಹಿಡೀಬ್ಯಾಡ್ರಿ ಚಾಚಾ," ಎಂದ ಹಮಾಲ ಬಾಲಪ್ಪ.

"ಉಸಿರು ಬಿಗಿ ಹಿಡಿಯಲೇ ಬಸ್ಯಾ," ಎಂದ ಇನ್ನೊಬ್ಬ ಹಮಾಲ ಅಸ್ಲಮ. "ಗಾಳಿ ತುಂಬಿದ್ರ ಹಲಗೀನ ತೇಲ್ತೈತಿ, ನೀ ತೇಲಾಂಗಿಲ್ಲೇನು?"

"ಎಪ್ಪತ್ನಾಕು. ಇಳಿ," ಎಂದ ಮಕ್ಬುಲಸಾಬ.

ಗುರುಬಸವ ಎಪ್ಪತ್ತೈದು ಕಿಲೋದ ಹಲಗೆ ಹಿಡಿದು ನೀರಿಗಿಳಿದ. ದಂಡೆಯಿಂದ ನಾಲ್ಕು ಮಾರು ಹೋಗುವಷ್ಟರಲ್ಲಿ ಹಲಗೆ ಕೆಸರು ಕಂಡ ಎಮ್ಮೆಯಂತೆ ಮೆಲ್ಲಗೆ ಕೂರತೊಡಗಿತು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಆಮೇಲೆ ಹಲಗೆ ಒಂದು ಕಡೆ, ಗುರುಬಸವ ಒಂದು ಕಡೆ. ದಂಡೆಯ ಮಂದಿ ಒಂದು ಕೈಯಲ್ಲಿ ಮಿರ್ಚಿ ಭಜಿ ಕಚ್ಚುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಎತ್ತಿದರು.

ತೊಯ್ದ ಅಂಗಿಯಲ್ಲೇ ಅಡತಿಗೆ ನುಗ್ಗಿದ. "ನನ್ನ ತೂಕ ಖರೇ ಎಷ್ಟಿತ್ರಿ?"

"ಎಂಬತ್ತಾರು."

"ಮತ್ತ ಎಪ್ಪತ್ನಾಕಂದ್ರಿ?"

"ಚೀಲದ್ದು, ಮಣ್ಣಿಂದು, ತೇವದ್ದು ತೂಕ ಕಡಿದು ಹೇಳೀನಿ. ಈ ಕಾಟಾ ಮ್ಯಾಲ ಏನು ಬಂದ್ರೂ ಕಡೀತೀವಪ್ಪ, ರೂಢಿ."

"ನಾ ಏನು ನೆಲ್ಲೇನ್ರಿ?"

"ನಿಮ್ಮಪ್ಪನ ನೆಲ್ಲಿಗೂ ಹಂಗ ಕಡೀತೀನಿ. ಅಂವ ಒಮ್ಮಿನೂ ಬಾಯಿ ತೆಗದಿಲ್ಲ," ಎಂದು ಮಕ್ಬುಲಸಾಬ ಬೇಸರಪಟ್ಟುಕೊಂಡ.

ಗುರುಬಸವ ಹಲ್ಲು ಕಡಿಯುತ್ತ ಮರಳಿ ಬಂದು ದೊಡ್ಡ ಹಲಗೆ ಹತ್ತಿದ. ಲೈಟಿನ ಕಂಬದಂತೆ ನೆಟ್ಟಗೆ ನಿಂತು ಆಚೆ ದಂಡೆ ಮುಟ್ಟಿ ಬಂದ. ಒಬ್ಬರೂ ನೋಡಲಿಲ್ಲ. ಮಂದಿ ಕಾರು ಹತ್ತಿ ಹೊರಟಿದ್ದರು. ಬಾಣಲಿಯ ಪಕ್ಕ ಮಿರ್ಚಿ ತಣ್ಣಗಾಗಿದ್ದವು.

"ಕೆಲಸ ನಿಂದ," ಎಂದ ಅಬ್ದುಲರೌಫ. ಗುರುಬಸವನ ಎದೆ ಉಬ್ಬಿತು. "ಆದ್ರ ಆ ಸಣ್ಣ ಹಲಗಿ ಮ್ಯಾಲ. ಕಲಿಸಾಕ ಬ್ಯಾರೆ ಯಾರರ ಸಿಗ್ತಾರ. ನಿನ್ನಂಗ ಮುಳುಗಾವ್ರು ಸಿಗಾಂಗಿಲ್ಲ. ನೀ ಬಿದ್ದಾಗ ಮಿರ್ಚಿ ಹೆಂಗ ಖರ್ಚಾದ್ವು ನೋಡಿದೇನು? ಅಕಾ ನೋಡು, ಮಂದಿ ತುಂಬಿದ ಬಸ್ಸು ಬಂತು. ಹೋಗು, ಮುಳುಗು."

ಗುರುಬಸವ ಹೋಗಿ ಮುಳುಗಿದ. ದಂಡೆ ತುಂಬ ಚಪ್ಪಾಳೆ.

ಸುದ್ದಿ ಕೇಳಿ ಹಮಾಲರನ್ನೆಲ್ಲ ಕಟ್ಟಿಕೊಂಡು ಬಂದಿದ್ದ ಮಕ್ಬುಲಸಾಬನೇ ಕೈಕೊಟ್ಟು ಅವನನ್ನು ಮೇಲೆಳೆದ. ತೊಟ್ಟಿಕ್ಕುವ ಅಂಗಿಯ ತುದಿ ಹಿಂಡಿ ನೋಡಿ, ಸಮಾಧಾನದಿಂದ ತಲೆಯಾಡಿಸಿದ.

"ಈಗ ನೋಡು ಬಸ್ಯಾ, ತೇವ ಖರೇನ ಐತಿ. ನಾ ಕಡಿದದ್ದು ಬರೋಬ್ಬರಿ."