ಎದುರುಮನೆಯಲ್ಲಿ ಮೊದಲು ಬೀಳುವ ಚೆಂಡು

ಪ್ರತಿ ಗೃಹಿಣಿಗೂ ಬೆಳಗಿನ ಹೊತ್ತಿಗೆಂದು ಒಂದು ಚಟ ಇರಬೇಕು ಎಂಬುದು ನನ್ನ ನಂಬಿಕೆ. ಕೆಲವರಿಗೆ ಎರಡನೇ ಲೋಟ ಕಾಫಿ, ಕೆಲವರಿಗೆ ಪಕ್ಕದ ಮನೆ ಸುದ್ದಿ. ನನಗೆ ಅಮೆರಿಕದ ಬಾಸ್ಕೆಟ್‌ಬಾಲ್. ಅಲ್ಲಿ ರಾತ್ರಿ ಆಡುವ ಆಟ ಹೊಸಪೇಟೆಯ ನಮ್ಮ ಟಿವಿಗೆ ಇಡ್ಲಿ ಬೇಯುವ ಹೊತ್ತಿಗೆ ಬರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೂ ಈ ಆಟ ಕಲಿಸಿದ್ದರು. ಕಲಿಸಿದ್ದರು ಅನ್ನುವುದಕ್ಕಿಂತ, ಗೆರೆಯಾಚೆ ಹೋದ ಚೆಂಡು ತರುವುದಕ್ಕೆ ನಿಲ್ಲಿಸಿದ್ದರು. ಅದಕ್ಕೇ ಇರಬೇಕು, ಆ ಆಟಗಾರರನ್ನು ಕಂಡರೆ ಬಾಯಿ ತೆರೆದು ಕೂತುಬಿಡುತ್ತೇನೆ. ಹಂಪಿಯ ಕಂಬಗಳೇ ಎದ್ದು ಓಡಾಡಿದಂತೆ. ಅಂಥ ಭಾರೀ ಆಳು ಚೆಂಡು ಎಸೆದ ಮೇಲೂ ಮಣಿಕಟ್ಟು ಹಾಗೇ ಬಾಗಿ ನಿಂತಿರುತ್ತದೆ, ರಂಗೋಲಿಯ ಕೊನೆಯ ಎಳೆ ಬಿಟ್ಟ ಕೈಯ ಹಾಗೆ.

ಎದುರುಮನೆಯ ಪಾರ್ವತಕ್ಕನಿಗೂ ಈ ಚಟ ಹಿಡಿಸಿದವಳು ನಾನೇ. ಅಕ್ಕಿ ಗಿರಣಿಯವರ ಮನೆಯಾಕೆ. ನಿಯಮ ಗಿಯಮ ಕೇಳುವವರಲ್ಲ. ಮೊದಲ ದಿನವೇ "ನಮ್ದು ಬಿಳಿ ಬನಿಯನ್ ಪಾರ್ಟಿ" ಅಂದುಬಿಟ್ಟರು. ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಬಿಡುವಿಲ್ಲದೆ ಓಡುತ್ತಿದ್ದ ಕಾಲ. ನಮ್ಮ ರಸ್ತೆಯಲ್ಲಿ ಬಿಳಿ ಬಟ್ಟೆ ಬಿಳಿಯಾಗಿ ಉಳಿದದ್ದು ಟಿವಿಯೊಳಗೆ ಮಾತ್ರ. "ಏನ್ ಒಗಿತಾರವ್ವಾ ಅವ್ರ ಮನ್ಯಾಗ" ಎಂದು ಪಾರ್ವತಕ್ಕ ಆಟಕ್ಕಿಂತ ಹೆಚ್ಚಾಗಿ ಅದನ್ನೇ ಬೆರಗಿನಿಂದ ನೋಡುತ್ತಿದ್ದರು.

ಆ ವರ್ಷದ ಕಪ್ ಯಾರಿಗೆಂದು ತೀರ್ಮಾನವಾಗುವ ಆಟ ಬಂತು. ಅದರ ಹಿಂದಿನ ದಿನವೇ, ರಸ್ತೆ ದಾಟಿ ನಮ್ಮ ಮನೆಗೆ ಬರುವ ಕೇಬಲ್ ತಂತಿ ಲಾರಿಯೊಂದರ ಮೇಲೆ ಹೊದಿಸಿದ್ದ ತಾಡಪತ್ರಿಗೆ ಸಿಕ್ಕಿ ಬಂದರಿನ ಕಡೆ ಪ್ರಯಾಣ ಬೆಳೆಸಿತು. ಕೇಬಲ್‌ನವನು ಬಂದು ಆಕಾಶ ನೋಡಿದ. "ನಾ ಎಷ್ಟು ಎತ್ತರ ಕಟ್ಟಿದ್ರೂ ಅವ್ರು ಅದಕ್ಕಿಂತ ಎತ್ತರ ತುಂಬತಾರ್ರಿ ಅಕ್ಕಾರ."

ಪಾರ್ವತಕ್ಕನ ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಯಜಮಾನರು ಸಂಡೂರಿನ ಗಣಿ ಆಫೀಸಿನಿಂದ ಲ್ಯಾಪ್‌ಟಾಪ್ ತಂದು, ಅದಕ್ಕೊಂದು ಇಂಟರ್ನೆಟ್ ಕಡ್ಡಿ ಚುಚ್ಚಿ, "ಇನ್ ಮುಂದ ಎಲ್ಲಾ ಇದ್ರಾಗ. ತಂತೀನ ಬ್ಯಾಡ" ಅಂದರು. ಹಾಗಂದ ಗಂಡನನ್ನು ಬಿಟ್ಟು ಎದುರುಮನೆ ಟಿವಿ ನೋಡುವುದು ಚೆನ್ನಾಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಆಟ ನಿಜಕ್ಕೂ ಬಂತು. ತಂತಿಯಿಲ್ಲದೆ, ಬರಿಯ ಗಾಳಿಯಲ್ಲಿ, ಅಷ್ಟೆತ್ತರದ ಜನ ನನ್ನ ಅಡುಗೆಮನೆಯ ಕಟ್ಟೆ ಮೇಲೆ ಅಂಗೈ ಅಗಲ ಆಗಿ ಓಡಾಡಿದರು. ಕೈ ಮುಗಿಯೋಣ ಅನ್ನಿಸಿತು. ಅಷ್ಟರಲ್ಲಿ ಎದುರುಮನೆಯಿಂದ "ಬಿತ್ತು, ಬಿತ್ತು" ಎಂಬ ಕೂಗು. ನನ್ನ ಆಟಗಾರ ಇನ್ನೂ ಬೂಟಿನ ಲೇಸು ಕಟ್ಟುತ್ತಿದ್ದ. ನಿಮಿಷ ಕಳೆದು ಚೆಂಡು ಬಿತ್ತು. ಹೀಗೇ ಮತ್ತೆರಡು ಸಲ. ಪಾರ್ವತಕ್ಕನಿಗೆ ದೇವರು ಬಂದಿರಬೇಕೆಂದು ಕಿಟಕಿಗೆ ಓಡಿದೆ. ಅವರ ಟಿವಿಯಲ್ಲಿ ಆಟ ನಮ್ಮದಕ್ಕಿಂತ ಮುಂದೆ ಓಡುತ್ತಿದ್ದುದು ಕಂಡಾಗ ಬುದ್ಧಿ ಬಂತು.

"ಕೂಗಬ್ಯಾಡ್ರಿ ಪಾರ್ವತಕ್ಕ. ನಮ್ಮಲ್ಲಿ ಒಂದು ನಿಮಿಷ ತಡ."

"ಹಂಗಂದ್ರ, ನಮ್ಮನ್ಯಾಗ ಆಗಿದ್ದು ನಿಮ್ಮನ್ಯಾಗ ಇನ್ನೂ ಆಗಿಲ್ಲ?"

"ಹೂಂರಿ."

ಅವರು ಕಿಟಕಿ ಹಿಡಿದು ಬಹಳ ಹೊತ್ತು ಯೋಚಿಸಿದರು. ಆಮೇಲೆ ಕೂಗುವುದು ಬಿಟ್ಟರು.

ಕೊನೆಯ ಗಳಿಗೆ. ನಮ್ಮ ಬಿಳಿ ಬನಿಯನ್ನಿನವರು ಒಂದೇ ಅಂಕ ಹಿಂದೆ, ಚೆಂಡು ಅವರ ಕೈಯಲ್ಲೇ. ಇದೊಂದನ್ನು ಯಾರ ಬಾಯಿಂದಲೂ ಕೇಳದೆ ಕಣ್ಣಾರೆ ನೋಡಬೇಕು ಎಂದು ಒಲೆ ಆರಿಸಿ ಕೂತಿದ್ದೆ. ರಸ್ತೆಯಲ್ಲಿ ಚಪ್ಪಲಿ ಸದ್ದು. ಪಾರ್ವತಕ್ಕ ಕೈಯ ಹಿಟ್ಟೂ ತೊಳೆಯದೆ ಒಳಗೆ ಬಂದರು.

"ನಮ್ಮನ್ಯಾಗ ತಪ್ಪಿತವ್ವ. ರಿಂಗಿಗೆ ಬಡದು ಹೊರಗ ಹೋತು. ಜಲ್ದಿ ಸರಿ, ನಿಮ್ಮನ್ಯಾಗ ಏನ್ ಮಾಡ್ತಾನ ನೋಡಾಣ."

ನನಗೆ ಅಳುವೇ ಬಂತು. ಆದರೂ ಕಾನ್ವೆಂಟಿನ ವಿದ್ಯೆ ಸುಮ್ಮನಿರಲಿಲ್ಲ. ಇದು ಅದೇ ಆಟ, ಮುಗಿದುಹೋದದ್ದು, ಚಿತ್ರ ಮಾತ್ರ ತಡವಾಗಿ ಬರುತ್ತದೆ ಎಂದು ವಿವರಿಸತೊಡಗಿದೆ.

"ಸುಮ್ನ ಕುಂದ್ರು. ಎಸಿಯೋ ಹೊತ್ತಿನಾಗ ಮಾತಾಡಬಾರ್ದು."

ಅವನು ಜಿಗಿದ. ಚೆಂಡು ಕೈ ಬಿಟ್ಟಿತು. ರಿಂಗಿನ ನೆತ್ತಿಗೆ ಬಂದು, ಅಲ್ಲೇ ನಿಂತಿತು. ಇಂಟರ್ನೆಟ್ಟಿನ ಚಕ್ರ ಮೆಲ್ಲಗೆ ತಿರುಗತೊಡಗಿತು. ಜಗತ್ತಿನಲ್ಲಿ ಎಲ್ಲೆಲ್ಲೂ ತಪ್ಪಿಹೋಗಿದ್ದ ಚೆಂಡು ನಮ್ಮನೆ ಅಡುಗೆಕಟ್ಟೆ ಮೇಲೆ ಮಾತ್ರ ಇನ್ನೂ ತಪ್ಪಿರಲಿಲ್ಲ.

ಪಾರ್ವತಕ್ಕ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. "ಒಂಚೂರು ಎಡಕ್ಕ ಐತಿ."

"ಇಲ್ಲ ಬಿಡ್ರಿ," ಅಂದೆ ನಾನು, "ಬೀಳತೈತಿ."