ಮೂರನೇ ಸಿಲಿಂಡರು

ಬೇರೆಯವರ ಅಂಗಡಿಗೆ ಗಿರಾಕಿಗಳು ಬರುತ್ತಾರೆ, ಕೆಲಸ ಮುಗಿಸಿಕೊಂಡು ಹೋಗುತ್ತಾರೆ. ನನ್ನ ಅಂಗಡಿಗೆ ಬಂದವರು ಮಾತ್ರ ನನ್ನ ತಲೆ ಕೆಡಿಸದೆ ಹೋದದ್ದೇ ಇಲ್ಲ. ಸರಸ್ವತಿಪುರಂನಲ್ಲಿ, ಒಂದು ಟ್ಯುಟೋರಿಯಲ್ಲಿನ ಪಕ್ಕ, ನಮ್ಮ ಮನೆಯ ಕೆಳಗಡೆಯೇ ನನ್ನ ಅಂಗಡಿ. ಹಳೇ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ನನ್ನ ಕೆಲಸ. ಮಾವನವರು ಸ್ಟುಡಿಯೋ ಇಟ್ಟಿದ್ದ ಕಾಲದ ಪ್ರೊಜೆಕ್ಟರ್ ಒಂದು ಉಳಿದಿತ್ತು. ಹಳೇ ಫಿಲ್ಮಿನ ಒಂದೊಂದೇ ಚೌಕದ ಫೋಟೋ ಹಿಡಿದು ಕಂಪ್ಯೂಟರಿಗೆ ಹಾಕುವ ಯಂತ್ರವನ್ನೂ ತರಿಸಿಕೊಂಡಿದ್ದೆ. ಈ ಸುದ್ದಿ ಅದು ಹೇಗೋ ರಾಮಕೃಷ್ಣನಗರದ ಹಳೇ ವಿಮಾನಪ್ರಿಯರ ಸಂಘಕ್ಕೆ ಮುಟ್ಟಿಬಿಟ್ಟಿತು.

ಸಂಘ ಅಂದರೆ ಎಂಟು ಜನ. ಎಲ್ಲರೂ ನಿವೃತ್ತರು, ಯಾರೂ ವಿಮಾನ ಹಾರಿಸಿದವರಲ್ಲ. ಅಧ್ಯಕ್ಷರಂತೂ ಬ್ಯಾಂಕಿನಲ್ಲಿದ್ದವರು. ಯಾರ್ಯಾರದೋ ಮನೆಯ ಅಟ್ಟದ ಮೇಲೆ ಕೊಳೆಯುತ್ತಿರುವ ವಿಮಾನದ ಫಿಲ್ಮುಗಳನ್ನು ಹುಡುಕಿ ಉಳಿಸಬೇಕು ಎಂಬುದು ಅವರ ಹಟ. ನನಗೋ ವಿಮಾನ ಅಂದರೆ ಸದ್ದಾದಾಗ ಕತ್ತೆತ್ತಿ ನೋಡಿ ಮತ್ತೆ ಬಟ್ಟೆ ಒಣಹಾಕುವಷ್ಟೇ ಪರಿಚಯ. ಆದರೂ ಅವರೆಲ್ಲ ಸೇರಿ ನನ್ನನ್ನು ಫಿಲ್ಮ್ ತಜ್ಞೆ ಎಂದು ನಂಬಿಬಿಟ್ಟರು. ಅಲ್ಲ ಅನ್ನಲು ನನಗೂ ಮನಸ್ಸು ಬರಲಿಲ್ಲ.

ಉಬ್ಬಿದ ಫಿಲ್ಮು

ಹಳೇ ಫಿಲ್ಮಿಗೆ ಒಂದು ಕಾಯಿಲೆ ಬರುತ್ತದೆ. ಹುಳಿ ವಾಸನೆ ಹೊಡೆಯುತ್ತ, ಮುರುಟಿಕೊಳ್ಳುತ್ತ, ಕೊನೆಗೆ ಪುಡಿಯಾಗಿ ಹೋಗುತ್ತದೆ. ತಣ್ಣಗಿಟ್ಟರೆ ಕಾಯಿಲೆ ನಿಧಾನವಾಗುತ್ತದಂತೆ. ಅಧ್ಯಕ್ಷರು ತಂದುಕೊಟ್ಟ ಮೊದಲನೇ ಸುರುಳಿಯ ಡಬ್ಬಿ ತುಕ್ಕು ಹಿಡಿದಿದ್ದರಿಂದ ಅದನ್ನು ನಮ್ಮತ್ತೆಯ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಅತ್ತೆಗೆ ಅವರ ಮದುವೆಯಲ್ಲಿ ಬಂದ ಜೋಡಿ ಡಬ್ಬಿಗಳವು. ಎರಡರ ಮೇಲೂ ಅವರ ಹೆಸರೇ ಕೆತ್ತಿದೆ. ಇನ್ನೊಂದರಲ್ಲಿ ದೋಸೆ ಹಿಟ್ಟು.

ಒಂದು ಭಾನುವಾರ ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ ಅಧ್ಯಕ್ಷರು ಬಂದು ಸಂಘದವರಿಗೆ ತೋರಿಸಬೇಕೆಂದು ಡಬ್ಬಿ ತೆಗೆದುಕೊಂಡು ಹೋದರು. ಫ್ರಿಜ್ಜಿನಿಂದ ತೆಗೆದ ಫಿಲ್ಮಿನ ಮುಚ್ಚಳವನ್ನು ನಾಲ್ಕು ಗಂಟೆ ತೆರೆಯಬಾರದು, ತೆರೆದರೆ ಬೆವರುತ್ತದೆ ಎಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೆ. ಎಂಟು ಜನವೂ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು ಸುತ್ತ ಕುಳಿತರಂತೆ. ಮಧ್ಯಾಹ್ನ ಅಧ್ಯಕ್ಷರ ಫೋನು ಬಂತು.

"ಮೇಡಂ, ಡಬ್ಬಿ ಮುಚ್ಚಳ ತಾನಾಗೇ ಮೇಲಕ್ಕೆ ಏಳ್ತಾ ಇದೆ."

"ಒಳಗೆ ಗ್ಯಾಸ್ ತುಂಬಿರ್ಬೇಕು ಸರ್, ಮುಟ್ಬೇಡಿ" ಅಂದೆ. ತಜ್ಞೆ ಅಲ್ಲವೇ.

"ಹುಳಿ ವಾಸನೆ ಬೇರೆ."

"ಅದೇ ಸರ್ ಕಾಯಿಲೆ. ಕೊನೇ ಹಂತಕ್ಕೆ ಬಂದ್ಬುಟ್ಟಿದೆ ಅನ್ಸುತ್ತೆ."

ಆ ಕಡೆ ಆಸ್ಪತ್ರೆಯ ವರಾಂಡದಲ್ಲಿ ನಿಂತವರ ಹಾಗೆ ಎಲ್ಲರೂ ಪಿಸುಗುಟ್ಟುವುದು ಕೇಳಿಸಿತು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು: "ಏನಮ್ಮ ಇದು, ಕಾವಲಿ ಕಾದಿದೆ, ಹಿಟ್ಟಿನ ಡಬ್ಬೀಲಿ ಟೇಪು ಸುತ್ತಿಟ್ಟಿದೀಯಲ್ಲ?"

ನಾನು ಬಾಯಿ ಬಿಡುವ ಮೊದಲೇ ಅಧ್ಯಕ್ಷರು ಫೋನಿನಲ್ಲಿ ಹೇಳಿದರು: "ಮೇಡಂ, ತಡೀಲಾರದೆ ತೆರೆದ್ಬುಟ್ವಿ. ಫಿಲ್ಮು ಪೂರ್ತಿ ಕರಗಿಹೋಗಿದೆ."

ಬರ್ಮಾದಿಂದ ಬಂದ ವಿಮಾನ

ಕರಗದೆ ಉಳಿದ ಆ ಫಿಲ್ಮನ್ನು ಯಂತ್ರಕ್ಕೆ ಹಾಕಿ, ನಮ್ಮ ಮನೆಯ ಹಾಲಿನಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆ. ಆರೇಳು ಸೆಕೆಂಡಿನ ತುಣುಕು. ಬಯಲಿನಲ್ಲಿ ಒಂದು ಪುಟ್ಟ ವಿಮಾನ, ಮುಂದಿನ ಪಂಖ ಮೆಲ್ಲಗೆ ತಿರುಗಲು ಶುರುವಾಗುತ್ತದೆ, ಹಿಂದೆ ಒಂದು ಬೋರ್ಡು. ಅಷ್ಟೇ. ಅದನ್ನು ಎಂಟು ಜನ ಇಪ್ಪತ್ತು ಸಲ ಹಾಕಿಸಿಕೊಂಡು ನೋಡಿದರು.

ಪಂಖ ಎಡಕ್ಕೆ ತಿರುಗಬೇಕಾದದ್ದು ಬಲಕ್ಕೆ ತಿರುಗುತ್ತಿದೆ, ಇಂಥ ಇಂಜಿನ್ ನಮ್ಮ ದೇಶದಲ್ಲೇ ಇರಲಿಲ್ಲ ಎಂದು ಒಬ್ಬರು ಎದ್ದು ನಿಂತರು. ಹಿಂದಿನ ಬೋರ್ಡಿನ ಲಿಪಿ ನೋಡಿ, ದುಂಡು ದುಂಡಗಿದೆ, ಇದು ಬರ್ಮಾದ್ದು ಎಂದು ಇನ್ನೊಬ್ಬರು ಕಂಡುಹಿಡಿದರು. ಬರ್ಮಾದಿಂದ ಮೈಸೂರಿಗೆ ವಿಮಾನ ಯಾಕೆ ಬಂತು ಎಂದು ನಾನು ಕೇಳಿದ್ದಕ್ಕೆ, ಅದೇ ಸಂಶೋಧನೆಯ ವಿಷಯ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಇದ್ದಾರೆ, ಹಳೇ ವಿಮಾನಗಳ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಅವರಿಗೆ ಅಧ್ಯಕ್ಷರು ಮೂರು ಪುಟದ ಕಾಗದ ಬರೆದು ಪೋಸ್ಟ್ ಮಾಡಿಬಿಟ್ಟರು.

ಮುಂದಿನ ಭಾನುವಾರ ಅದೇ ತುಣುಕು ಮತ್ತೆ ಓಡುತ್ತಿರುವಾಗ ಅತ್ತೆ ಕಾಫಿ ತಂದರು. ಪಂಚೆಯ ಎದುರಿಗೇ ಅವರ ಕನ್ನಡಿ ಬೀರು. ಲೋಟ ಹಂಚುತ್ತ ಕನ್ನಡಿಯ ಕಡೆ ನೋಡಿದವರು, "ದನ ಕಟ್ಟಬಾರದು ಅಂತ ಬರ್ದಿದೆಯಲ್ರೀ, ಬರ್ಮಾದೋರು ಯಾಕೆ ಕನ್ನಡದಲ್ಲಿ ಬರೀತಾರೆ?" ಅಂದರು.

ಎಂಟು ತಲೆಗಳೂ ಬೀರುವಿನ ಕಡೆ ತಿರುಗಿದವು. ಕನ್ನಡಿಯಲ್ಲಿ ಬೋರ್ಡು ಸರಿಯಾಗಿತ್ತು, ಪಂಖವೂ ಸರಿಯಾಗಿ ತಿರುಗುತ್ತಿತ್ತು. ಫಿಲ್ಮನ್ನು ನಾನೇ ಮಗ್ಗುಲು ಮಗುಚಿ ಯಂತ್ರಕ್ಕೆ ಹಾಕಿದ್ದೆ. ಅಧ್ಯಕ್ಷರು ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತೆಂದು ಎರಡನೇ ಕಾಗದ ಬರೆಯಬೇಕಾಯಿತು. ಬೆಂಗಳೂರಿನಿಂದ ಎರಡೇ ಸಾಲಿನ ಉತ್ತರ ಬಂತು: "ಇನ್ನು ಮೇಲೆ ಸಾಕ್ಷಿಯಿಲ್ಲದೆ ಏನನ್ನೂ ಕಳಿಸಬೇಡಿ. ಕಳಿಸುವ ಮುಂಚೆ ಕಾಫಿ ತಂದ ಆ ತಾಯಿಗೆ ಒಮ್ಮೆ ತೋರಿಸಿ."

ಕಾಲು ಯಾರದು

ಇದಾದ ಮೇಲೆ ಅಧ್ಯಕ್ಷರಿಗೆ ಎಲ್ಲದರ ಮೇಲೂ ಅನುಮಾನ. ಸರಿಯಾಗಿ ಅದೇ ಹೊತ್ತಿಗೆ ಮೇಸ್ತ್ರಿಗಳು ಬಂದರು.

ಎಂಬತ್ತು ದಾಟಿದ ಮನುಷ್ಯ, ಸಿದ್ಧಾರ್ಥನಗರದಿಂದ ಎರಡು ಸಿಟಿ ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಬಟ್ಟೆ ಚೀಲದಲ್ಲಿ ಒಂದು ಸುರುಳಿ. ಹುಡುಗಾಟದ ವಯಸ್ಸಿನಲ್ಲಿ ವಿಮಾನದ ಮೈದಾನದಲ್ಲಿ ರಿಪೇರಿ ಕೆಲಸಕ್ಕೆ ಸೇರಿ, ಎರಡು ಸೀಟಿನ ಒಂದು ಹಳದಿ ವಿಮಾನವನ್ನು ಹನ್ನೊಂದು ವರ್ಷ ನೋಡಿಕೊಂಡವರಂತೆ. ಆಮೇಲೆ ಸ್ಕೂಟರು, ಪಂಪುಸೆಟ್ಟು ರಿಪೇರಿ ಮಾಡಿಕೊಂಡು ಜೀವನ.

"ಇಮಾನ ಆರುಸ್ತಿದ್ದ ಸಾಹೇಬ್ರು ಊರು ಬುಟ್ಟು ಓಗುವಾಗ ಇದನ್ನ ಕೊಟ್ಟೋದ್ರು ಕಣಮ್ಮ. ನಮ್ಮ ಗಾಡಿ ಅದರೊಳಗೆ ಐತೆ. ನೋಡೋ ಮಿಷನ್ನು ನಮ್ಮನೇಲಿ ಎಲ್ಲಿತ್ತು? ಈಗ ಮಿಷನ್ನು ಸಿಕ್ತು, ಕಣ್ಣು ಓಯ್ತು" ಅಂದರು. ಎರಡು ಕಣ್ಣಿಗೂ ಏನೋ ಆಗಿ ಅವರಿಗೆ ನೆರಳು ಬೆಳಕು ಮಾತ್ರ ಕಾಣುತ್ತಿತ್ತು.

ಫಿಲ್ಮು ಹಾಕಿದೆ. ಈ ಸಲ ಮಗ್ಗುಲು ಮೂರು ಸಲ ನೋಡಿಕೊಂಡೆ. ಹಳದಿ ವಿಮಾನ ಪಂಚೆಯ ತುಂಬ ನಿಂತಿತು. ಪೈಲಟ್ ಒಳಗೆ ಕುಳಿತಿದ್ದಾನೆ. ರೆಕ್ಕೆಯ ಆಚೆ ಯಾರೋ ಓಡಾಡುತ್ತಿದ್ದಾರೆ, ಕೆಳಗಡೆ ಖಾಕಿ ಚಡ್ಡಿ, ಎರಡು ಕಾಲು ಮಾತ್ರ ಕಾಣುತ್ತವೆ. ಸಂಘದವರು ಉಸಿರು ಬಿಗಿಹಿಡಿದು ನೋಡುತ್ತಿದ್ದರೆ ಮೇಸ್ತ್ರಿಗಳು ಕತ್ತು ಓರೆ ಮಾಡಿ ಕುಳಿತಿದ್ದರು. ವಿಮಾನ ಓಡಿ ಮೇಲಕ್ಕೆದ್ದಿತು, ಫಿಲ್ಮು ಮುಗಿಯಿತು.

"ಸುರು ಮಾಡಮ್ಮ" ಅಂದರು.

"ಮುಗೀತು ಮೇಸ್ತ್ರಿಗಳೇ."

"ಸದ್ದೇ ಬರ್ಲಿಲ್ಲ?"

ಇದು ಮೂಕಿ ಫಿಲ್ಮು, ಸದ್ದು ಹಿಡಿಯುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವರ ಮುಖ ಇಳಿದುಹೋಯಿತು. ಅವರು ನೋಡುವುದಕ್ಕೆ ಬಂದಿರಲೇ ಇಲ್ಲ. ಆ ಇಂಜಿನ್ನಿನ ಸದ್ದನ್ನು ಸಾಯುವುದರೊಳಗೆ ಇನ್ನೊಂದು ಸಲ ಕೇಳಬೇಕೆಂದು ಬಂದಿದ್ದರು.

ಅಧ್ಯಕ್ಷರಿಗೆ ಬೇರೆ ಚಿಂತೆ. ಈ ವಿಮಾನವನ್ನು ನೋಡಿಕೊಂಡದ್ದು ಇವರೇ ಎಂದು ಸಂಘದ ಪುಸ್ತಕದಲ್ಲಿ ಬರೆಯಲು ಸಾಕ್ಷಿ ಬೇಕು. "ಇಂಜಿನ್ನು ಎಷ್ಟು ಕುದುರೆ ಶಕ್ತಿಯದು?" ಎಂದು ಪರೀಕ್ಷೆ ಶುರು ಮಾಡಿದರು.

"ಕುದುರೆ ಎಲ್ಲ ನಾವು ಎಣಿಸ್ಲಿಲ್ಲ ಬುದ್ಧಿ. ಕಿವಿ ಕೊಟ್ಟು ಕೇಳುಸ್ಕೊಂಡ್ರೆ ತಿಳಿಯೋದು. ನನ್ ಕೈ ದಾಟಿ ಮೇಲೆ ಓದ ಗಾಡಿ ಒಂದ್ ದಿನ ಮಿಸ್ ಒಡೆದಿಲ್ಲ, ಒಂದ್ ಏಟೂ ತಪ್ಪಿಲ್ಲ. ಅಷ್ಟು ಬರ್ಕೊಳಿ."

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಪಾಪ, ಒಳ್ಳೇ ಮನುಷ್ಯ. ಆದ್ರೆ ಆ ಕಾಲು ಇವರದೇನಾ ಅಂತ ಬೆಂಗಳೂರಿನೋರು ಕೇಳಿದ್ರೆ ಏನ್ ಮಾಡೋಣ? ಚಡ್ಡಿ ಹಾಕ್ಕೊಂಡು ಒಂದು ಸಲ ನಡೆದು ತೋರಿಸ್ತಾರಾ, ನೀವೇ ಕೇಳಿ ನೋಡಿ."

ನಾನು ಕೇಳಲಿಲ್ಲ.

ಇದು ಚಟ್ನಿ

ಮೇಸ್ತ್ರಿಗಳಿಗಾಗಿ ಆ ಫಿಲ್ಮಿಗೆ ಸದ್ದು ಸೇರಿಸಬೇಕೆಂದು ನಾನೇ ಹಟ ಹಿಡಿದೆ. ಸಂಘದವರು ಒಂದು ವಾರ ಊರೆಲ್ಲ ಅಲೆದು ತರಹೇವಾರಿ ಸದ್ದು ರೆಕಾರ್ಡ್ ಮಾಡಿಕೊಂಡು ಬಂದರು. ಒಂದೊಂದನ್ನೇ ಫಿಲ್ಮಿನ ಜೊತೆ ಓಡಿಸಿದೆ. ಮೇಸ್ತ್ರಿಗಳು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುತ್ತಿದ್ದರು.

"ಇದು ಬುಲೆಟ್ಟು. ಸೈಲೆನ್ಸರ್ ತೂತಾಗಿದೆ, ರಿಪೇರಿ ಮಾಡುಸ್ಕೊಳಕ್ಕೆ ಅವ್ರಿಗೆ ಏಳಿ."

"ಇದು ಪವರ್ ಟಿಲ್ಲರ್ರು."

ಕೊನೆಯದನ್ನು ಅಧ್ಯಕ್ಷರು ಬಹಳ ಗುಟ್ಟಾಗಿ ತಂದಿದ್ದರು. ಇದು ಖಂಡಿತ ಹೊಂದುತ್ತದೆ ಎಂದು ಅವರ ಭರವಸೆ. ನನಗೂ ಹಾಗೇ ಅನಿಸಿತು. ವಿಮಾನ ಇನ್ನೇನು ಏಳುತ್ತದೆ ಅನ್ನುವಾಗ ಮೇಸ್ತ್ರಿಗಳು ಕೈ ಎತ್ತಿದರು.

"ಇದು ಮಿಕ್ಸಿ. ಒಳಗೆ ಚಟ್ನಿ ಐತೆ. ಇನ್ನಾ ನುಣ್ಣಗಾಗಿಲ್ಲ."

ಅಧ್ಯಕ್ಷರು ತಲೆ ತಗ್ಗಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ, "ಅಲ್ವಾ ಮತ್ತೆ? ಕಾಯಿ ಇನ್ನೂ ತರಿ ತರಿ ಇದೆ" ಅಂದರು.

ಮೂರನೇದು

ಹಾಗಾದರೆ ಆ ಸದ್ದು ಹೇಗಿತ್ತು ಎಂದು ಎಲ್ಲರೂ ಬೇಸತ್ತು ಕೇಳಿದರು. ಮೇಸ್ತ್ರಿಗಳು ಬೆನ್ನು ನೆಟ್ಟಗೆ ಮಾಡಿ ಕುಳಿತು ಬಾಯಲ್ಲೇ ಶುರು ಮಾಡಿದರು. ಮೊದಲು ಪಂಖವನ್ನು ಕೈಯಲ್ಲಿ ಎಳೆದಾಗಿನ ಕ್ಲಕ್, ಕ್ಲಕ್. ಆಮೇಲೆ ಒಂದು ಕೆಮ್ಮು. ಇನ್ನೊಂದು ಕೆಮ್ಮು. ಗಕ್ಕನೆ ಹಿಡಿದುಕೊಂಡಿತು. ಟಕಟಕಟಕ ಎಂದು ನಿಂತಲ್ಲೇ ಓಡಿ, ಮೆಲ್ಲಗೆ ಏರಿ, ಮನೆ ತುಂಬ ಗುಂಯ್‌ಗುಡುವ ಹೊತ್ತಿಗೆ ಅತ್ತೆ ಮಹಡಿ ಮೇಲೆ ಒಣಹಾಕಿದ್ದ ಹಪ್ಪಳ ಹಾರಿಹೋಗುತ್ತದೆಂದು ಮೆಟ್ಟಿಲ ಕಡೆ ಓಡಿದರು. ನಾನು ಮೈಕು ಹಿಡಿದಿದ್ದೆ. ಎಲ್ಲವೂ ರೆಕಾರ್ಡ್ ಆಯಿತು.

ಫಿಲ್ಮಿಗೆ ಜೋಡಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. "ಸದ್ದು ಮೈಸೂರಿನಲ್ಲೇ ರೆಕಾರ್ಡ್ ಆದದ್ದು" ಎಂದಷ್ಟೇ ಬರೆದು ಬೆಂಗಳೂರಿನ ತಜ್ಞರಿಗೆ ಕಳಿಸಿದರು. ಅವರು ಒಪ್ಪಿದರೆ ಮೇಸ್ತ್ರಿಗಳ ಹೆಸರು ಪುಸ್ತಕಕ್ಕೆ, ಇಲ್ಲವಾದರೆ ಇಲ್ಲ. ಸುಳ್ಳೇನೂ ಅಲ್ಲದಿದ್ದರೂ ನನಗೆ ಒಂದು ವಾರ ಊಟ ಸೇರಲಿಲ್ಲ.

ಉತ್ತರ ಬಂದ ದಿನ ಮೇಸ್ತ್ರಿಗಳನ್ನೂ ಕರೆಸಿ ಅಧ್ಯಕ್ಷರು ನಿಂತುಕೊಂಡೇ ಓದಿದರು. "ಇದು ಅದೇ ಇಂಜಿನ್ನಿನ ಅಸಲಿ ಸದ್ದು, ನಾಲ್ಕು ಸಿಲಿಂಡರು, ಅನುಮಾನವೇ ಇಲ್ಲ. ಇಷ್ಟು ವರ್ಷ ಹುಡುಕಿದರೂ ನನಗೆ ಸಿಕ್ಕಿರಲಿಲ್ಲ." ಸಂಘದವರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಅದೇ ಉತ್ಸಾಹದಲ್ಲಿ ಮುಂದಕ್ಕೂ ಓದಿಬಿಟ್ಟರು. "ಆದರೆ ಮೂರನೇ ಸಿಲಿಂಡರು ಮಿಸ್ ಹೊಡೆಯುತ್ತಿದೆ. ಇಂಥ ಇಂಜಿನ್ನನ್ನು ಮೇಲಕ್ಕೆ ಬಿಟ್ಟ ಮೆಕ್ಯಾನಿಕ್ ಯಾರು?"

ಚಪ್ಪಾಳೆ ನಿಂತಿತು. ಮೇಸ್ತ್ರಿಗಳ ಮುಖ ಕೆಂಪಾಗಿತ್ತು.

"ಪುನಾ ಆಕಮ್ಮ" ಅಂದರು. ಹೆಡ್‌ಫೋನು ಕಿವಿಗಿಟ್ಟುಕೊಂಡು ಎರಡು ಸಲ ಕೇಳಿದರು. ಆಮೇಲೆ ನಾಲಿಗೆಯನ್ನು ಬಾಯೊಳಗೆ ಎಡಗಡೆ ಆಡಿಸಿ, ಹೆಬ್ಬೆರಳಿನಿಂದ ಏನನ್ನೋ ಅಲ್ಲಾಡಿಸಿ ನೋಡಿದರು.

"ಮೂರನೇದೇ. ಆವಯ್ಯ ಸರಿಯಾಗೇ ಏಳವ್ನೆ. ಕೆಳಗಿನ ಸೆಟ್ಟು ಸಡ್ಲ ಆಗೈತೆ."

ಹಲ್ಲಿನ ಸೆಟ್ಟು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಗಳು ನಗಲಿಲ್ಲ. "ಅದನ್ನ ಅಳಿಸಾಕು ಕಣಮ್ಮ. ಮಿಸ್ ಒಡಿಯೋ ಗಾಡಿ ನನ್ ಎಸರಲ್ಲಿ ಇರಬಾರ್ದು" ಎಂದು ಚೀಲ ಎತ್ತಿಕೊಂಡು ಹೊರಟರು. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಹತ್ತು ದಿನ ಅವರ ಸುಳಿವಿಲ್ಲ. ಹನ್ನೊಂದನೇ ದಿನ ಬಂದು ಕುಳಿತವರು ಬಾಯಿ ತೆರೆದು ತೋರಿಸಿದರು. ನಮ್ಮ ಬೀದಿಯ ಹಲ್ಲಿನ ಡಾಕ್ಟರ ಹತ್ತಿರವೇ ಮೂರು ಸಲ ಹೋಗಿ ಸೆಟ್ಟು ಬಿಗಿ ಮಾಡಿಸಿಕೊಂಡಿದ್ದರು. "ಈಗ ಮಾಡ್ಕೊ" ಅಂದರು. ಮಾಡಿಕೊಂಡೆ.

ಕಿಟಕಿ ಮುಚ್ಚಿ, ಹಳದಿ ವಿಮಾನವನ್ನು ಪಂಚೆಯ ಮೇಲೆ ಬಿಟ್ಟು, ಸ್ಪೀಕರ್ ಪೂರ್ತಿ ಏರಿಸಿದೆ. ಎರಡು ಕೆಮ್ಮು ಕೆಮ್ಮಿ ಇಂಜಿನ್ನು ಹಿಡಿದುಕೊಂಡಿತು. ನಾಲ್ಕೂ ಸರಿಯಾಗಿ ಹೊಡೆಯುತ್ತಿದ್ದವು ಎಂದು ನನಗೂ ತಿಳಿಯಿತು. ಮೇಸ್ತ್ರಿಗಳು ಕಣ್ಣು ಮುಚ್ಚಿಕೊಂಡೇ ಎದ್ದು ನಿಂತರು. ಬಲಗೈ ಹೆಬ್ಬೆರಳು ಎತ್ತಿ ಪೈಲಟ್ಟಿಗೆ ತೋರಿಸಿ, "ಓಗಿ ಸಾಹೇಬ್ರೆ" ಅಂದರು. ವಿಮಾನ ನೆಲ ಬಿಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು, ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಅತ್ತೆ ಈ ಸಲ ಹಪ್ಪಳ ಮೊದಲೇ ಒಳಗಿಟ್ಟು ಬಂದು ನಿಂತಿದ್ದರು.

ಹೊಸ ಸದ್ದು ಬೆಂಗಳೂರಿಗೆ ಹೋಯಿತು. ಮರುವಾರವೇ ಉತ್ತರ ಬಂತು. "ಈಗ ಇಂಜಿನ್ ಅಚ್ಚುಕಟ್ಟಾಗಿದೆ. ಇಂಥ ಕೆಲಸಗಾರರು ಈಗ ಎಲ್ಲೂ ಇಲ್ಲ. ಮೂರನೇ ಸಿಲಿಂಡರನ್ನು ರಿಪೇರಿ ಮಾಡಿದವರು ಯಾರು, ದಯವಿಟ್ಟು ವಿಳಾಸ ಕಳಿಸಿ. ನನ್ನ ಹತ್ತಿರವೂ ಒಂದು ಹಳೇ ಇಂಜಿನ್ ಇದೆ."

ಮೇಸ್ತ್ರಿಗಳ ಹೆಸರನ್ನು ಅಧ್ಯಕ್ಷರು ಅಂದೇ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದರು. ಬರ್ಮಾದ ಪ್ರಕರಣವಾದ ಮೇಲೆ ಬೆಂಗಳೂರಿಗೆ ಸುಳ್ಳು ಬರೆಯುವುದಿಲ್ಲ ಎಂದು ಅವರು ಆಣೆ ಮಾಡಿದ್ದರು. ಹಾಗಾಗಿ ಇದ್ದದ್ದನ್ನೇ ಬರೆದು ಕಳಿಸಿದರು. ಇಂಜಿನ್ ನೋಡಿಕೊಂಡವರು ಸಿದ್ಧಾರ್ಥನಗರದ ಮೇಸ್ತ್ರಿಗಳು. ಮೂರನೇ ಸಿಲಿಂಡರು ರಿಪೇರಿ ಮಾಡಿದವರು ಸರಸ್ವತಿಪುರಂನ ದಂತವೈದ್ಯರು. ಭೇಟಿಯ ಸಮಯ ಸಂಜೆ ಐದರಿಂದ ಎಂಟು, ಬರುವಾಗ ಇಂಜಿನ್ ತರುವ ಅಗತ್ಯವಿಲ್ಲ.