ಜೇನಿಗೆ ಕೋಟು ಹೊಲಿದ ಚಳಿಗಾಲ

ಗೋಣಿಬೀಡಲ್ಲಿ ಬಟ್ಟೆ ಹೊಲಿಯುವವಳು ಅಂಗಡಿ ಹಿಂದೆ ಜೇನೂ ಸಾಕಿದರೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಜನವೇ ನಗುವನ್ನು ಬಾಗಿಲಿಗೆ ತಂದು ಕೊಡುತ್ತಾರೆ. ಆ ಸಲ ಮಳೆ ಮುಗಿಯುವಾಗ ನನ್ನ ಎರಡು ಪೆಟ್ಟಿಗೆಗಳಲ್ಲಿ ಉಳಿದಿದ್ದು ಒಂದೊಂದು ಹಿಡಿ ಹುಳ. ಹಿಂದೆಯೇ ಚಳಿ ಬಂತು. ಕಾಫಿ ಹೂವಾಗುವ ತನಕ ಅವನ್ನು ಉಳಿಸಿಕೊಂಡರೆ ನಾನು ಗೆದ್ದ ಹಾಗೆ.

ಕೋಟು

ಹುಳ ಕಡಿಮೆಯಾದರೆ ಪೆಟ್ಟಿಗೆಯೊಳಗೆ ಬೆಚ್ಚಗಿರುವುದಿಲ್ಲ. ಹಳೇ ಕಂಬಳಿಗೆ ಗೋಣಿಚೀಲ ಸೇರಿಸಿ, ಹುಳ ಓಡಾಡಲು ಕಂಡಿ ಬಿಟ್ಟು, ಎರಡಕ್ಕೂ ಕೋಟು ಹೊಲಿಯುತ್ತಾ ಕೂತಿದ್ದೆ. ಬ್ಲೌಸ್ ಕೊಟ್ಟಿದ್ದ ಟೀಚರ್ ಬಂದರು.

"ಇದು ಯಾರಿಗೆ?"

"ಜೇನಿಗೆ."

"ನನ್ನ ಬ್ಲೌಸಿಗೆ ದೀಪಾವಳಿಯಿಂದ ನಾಳೆ ಬನ್ನಿ, ನಾಳೆ ಬನ್ನಿ ಅಂತಿದ್ದೀರ. ಜೇನಿಗೆ ಒಂದೇ ದಿನದಲ್ಲಿ ಕೋಟಾ?"

"ತಡವಾದರೆ ಅವು ಕಚ್ಚುತ್ತವೆ ಟೀಚರ್."

ಅವರು ನನ್ನನ್ನು ನೋಡಿದ ರೀತಿಗೆ ಮಾರನೇ ದಿನವೇ ಬ್ಲೌಸ್ ರೆಡಿಯಾಯಿತು.

ಸಕ್ಕರೆ

ಹೂವಿಲ್ಲದ ಕಾಲದಲ್ಲಿ ಹುಳಗಳಿಗೆ ಸಕ್ಕರೆ ಪಾಕ ಇಡಬೇಕು. ನಾನು ಬಿಸಿನೀರಿಗೆ ಸಕ್ಕರೆ ಸುರಿಯುವಾಗೆಲ್ಲ ಅತ್ತೆ ಅಡುಗೆಮನೆ ಬಾಗಿಲಲ್ಲಿ ಹಾಜರು. ಅವರಿಗೆ ಶುಗರ್, ಕಾಫಿಗೂ ಸಕ್ಕರೆ ಬೇಡ ಅಂದಿದ್ದಾರೆ ಡಾಕ್ಟರು. ಒಂದು ಬೆಳಿಗ್ಗೆ ಸಪ್ಪೆ ಕಾಫಿ ಹಿಡಿದು ನಿಂತು ಕೇಳಿದರು:

"ಉಳೀತಾವೇನೇ?"

"ಚೆನ್ನಾಗಿ ಕುಡೀತಿದಾವೆ ಅತ್ತೆ. ಉಳೀತಾವೆ."

"ಉಳೀಲಿ ಬಿಡು. ಈ ಮನೇಲಿ ಸಕ್ಕರೆ ಸಿಗಬೇಕು ಅಂದ್ರೆ ರೆಕ್ಕೆ ಇರಬೇಕು ಅಂತಾಯ್ತು."

ಪೇಪರ್

ಅಷ್ಟರಲ್ಲಿ ಒಂದು ಪೆಟ್ಟಿಗೆಯ ರಾಣಿ ಸತ್ತುಹೋಯಿತು. ರಾಣಿಯಿಲ್ಲದ ಕುಟುಂಬ ಉಳಿಯುವುದಿಲ್ಲ, ಇನ್ನೊಂದರ ಜೊತೆ ಸೇರಿಸಬೇಕು. ಸುಮ್ಮನೆ ಸುರಿದರೆ ಕಾದಾಡಿ ಸಾಯುತ್ತವೆ. ಅದಕ್ಕೇ ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟು ನಡುವೆ ಪೇಪರ್ ಹಾಸಿದೆ. ಅದನ್ನು ಕಡಿದು ಹರಿಯುವಷ್ಟರಲ್ಲಿ ಒಬ್ಬರ ವಾಸನೆ ಒಬ್ಬರಿಗೆ ಹೊಂದಿಕೊಳ್ಳುತ್ತದೆ.

ಆಟೋ ಓಡಿಸುವ ನನ್ನ ಯಜಮಾನರು ಹುಡುಕಿಕೊಂಡು ಬಂದರು. "ಇವತ್ತಿನ ಪೇಪರೆಲ್ಲಿ?"

"ಜೇನಿಗೆ ಹಾಕಿದೆ."

"ನಾನಿನ್ನೂ ಓದೇ ಇಲ್ಲ ಮಾರಾಯ್ತಿ!"

ಎರಡು ದಿನ ಬಿಟ್ಟು ತೆಗೆದು ನೋಡಿದೆವು. ಪೇಪರ್ ಚೂರುಚೂರು; ಹುಳಗಳೆಲ್ಲ ಒಂದೇ ಗುಂಪು, ಜಗಳವೇ ಇಲ್ಲ! ನನಗೆ ಕುಣಿಯುವಷ್ಟು ಖುಷಿ. ಅಣ್ಣನ ಜೊತೆ ಮಾತುಬಿಟ್ಟು ವರ್ಷಗಳಾಗಿದ್ದ ಯಜಮಾನರು ಮಾತ್ರ ಬಗ್ಗಿ ನೋಡುತ್ತಲೇ ಇದ್ದರು.

"ನಮ್ಮಣ್ಣನೂ ನಾನೂ ದಿನಾ ಇದೇ ಪೇಪರ್ ಓದೋದು. ನಮಗ್ಯಾಕೆ ಏನೂ ಆಗ್ಲಿಲ್ಲ?"

ಬೈಕು

ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ರು ಚಳಿಗಾಲ ಪೂರ್ತಿ ಅಂಗಡಿ ಮುಂದೆ ಬೈಕ್ ನಿಧಾನ ಮಾಡಿ, "ಸತ್ತವಾ ಅಕ್ಕಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಕಾಫಿ ಅರಳಿಸುವ ಹೂಮಳೆ ಬಿತ್ತು. ತೋಟವೆಲ್ಲ ಬೆಳ್ಳಗಾಯಿತು. ಪೆಟ್ಟಿಗೆ ಹೇಗೆ ತುಂಬಿತೆಂದರೆ ಜಾಗ ಸಾಲದೆ ಅರ್ಧ ಕುಟುಂಬ ಹೊಸ ಮನೆ ಹುಡುಕಿಕೊಂಡು ಹಾರಿತು. ಖಾಲಿ ಪೆಟ್ಟಿಗೆ ಹಿಡಿದು ಹಿಂದೆಯೇ ಓಡಿದೆ. ಹೋಗಿ ಕೂತಿದ್ದೆಲ್ಲಿ? ಬೇಕರಿ ಮುಂದೆ ನಿಂತಿದ್ದ ರೈಟರ್ ಬೈಕಿನ ಹ್ಯಾಂಡಲ್ ಮೇಲೆ!

ಅರ್ಧ ತಿಂದ ಬನ್ ಹಿಡಿದು ರೈಟರ್ರು ಹೊರಗೆ ಬಂದರು. "ಅಕ್ಕಾ, ನಿಮ್ಮ ಹುಳ ತೆಗೀರಿ!"

"ನನ್ನವಾ? ನನ್ನವು ಚಳಿಗೇ ಸತ್ತಿರಬೇಕಲ್ಲ ಸಾರ್."

ಜನ ಸೇರಿದರು. ನಾನು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಆರಾಮಾಗಿ ನಿಂತೆ.

"ಸತ್ತಿಲ್ಲ ಅಕ್ಕಾ!" ರೈಟರ್ರು ಊರಿಗೇ ಕೇಳುವ ಹಾಗೆ ಕೂಗಿದರು. "ಗಟ್ಟಿಮುಟ್ಟಾಗಿದಾವೆ! ಬೇಗ ತೆಗೀರಿ, ಇಲ್ದಿದ್ರೆ ಅವೇ ಕಿಕ್ ಹೊಡ್ಕೊಂಡು ಎಸ್ಟೇಟಿಗೆ ಹೋಗಿ ಹಾಜರಿ ಬರೀತಾವೆ!"